ಬಲಚಕ್ರದ ನಟ್ಟು

ರಾಂಗೆಲ್‌ಗೆ ಇನ್ನೊಬ್ಬರ ಕೈಕೆಲಸದ ಮೇಲೆ ನಂಬಿಕೆ ಎಂಬುದೇ ಇರಲಿಲ್ಲ. ಗ್ಯಾರೇಜಿನಿಂದ ಹೊರಡುವ ಪ್ರತಿ ಗಾಡಿಯ ಪ್ರತಿ ನಟ್ಟನ್ನೂ ತಾನೇ ಒಮ್ಮೆ ತಿರುಗಿಸಿ ನೋಡದಿದ್ದರೆ ಅವನಿಗೆ ಆ ದಿನದ ಊಟ ಸೇರುತ್ತಿರಲಿಲ್ಲ. ಜರ್ಮನಿಯಿಂದ ಮರಳಿ ಬಂದ ಭಾಮೈದ ಮಿಂಚೊನನ್ನು ಕೆಲಸಕ್ಕೆ ಇಟ್ಟುಕೊಂಡು ಹತ್ತು ತಿಂಗಳಾಗಿತ್ತು. ಆ ಹತ್ತು ತಿಂಗಳೂ ಅವನು ಮುಟ್ಟಿದ್ದನ್ನೆಲ್ಲ ಇವನು ಮತ್ತೆ ಮುಟ್ಟಿದ್ದ.

ಆ ಗುರುವಾರ ಬೆಳಿಗ್ಗೆ ರಾಂಗೆಲ್‌ನ ಹೆಂಡತಿ ಸೆವ್ದಾ ಮೊಸರಿನ ಬಟ್ಟಲನ್ನು ಮೇಜಿನ ಮೇಲೆ ಕುಕ್ಕಿದಳು.

"ಪೊಲೀಸಿನವನ ಥರ ಅವನ ಬೆನ್ನು ಬಿದ್ದಿದ್ದೀಯಲ್ಲ, ನಿಂಗೆ ನಾಚಿಕೆ ಆಗಲ್ವಾ? ಹದಿನೆಂಟು ವರ್ಷ ಪರದೇಶದಲ್ಲಿ ಗಾಡಿ ಬಿಚ್ಚಿ ಕಟ್ಟಿದೋನು ನನ್ನ ತಮ್ಮ. ಇವತ್ತು ನನ್ನ ಕಾರು ಅವನೊಬ್ಬನೇ ಮಾಡ್ಲಿ. ನೀನು ಹತ್ರ ಹೋಗ್ಬೇಡ."

"ಹೋಗಲ್ಲ, ಸುಮ್ನಿರು," ಎಂದ ರಾಂಗೆಲ್.

ಸೆವ್ದಾ ಆಸ್ಪತ್ರೆಯ ನರ್ಸ್. ಪ್ರತಿ ಗುರುವಾರ ಘಾಟಿಯಾಚೆಯ ಹಳ್ಳಿಗೆ ಹೋಗಿ, ಫೇಯ್ಮೆ ಅಜ್ಜಿಯನ್ನು ಡಯಾಲಿಸಿಸ್‌ಗೆ ಕರೆತರುವುದು ಅವಳ ಪಾಲಿನ ಕೆಲಸ. ಅವಳ ಹಳೆಯ ಪುಟ್ಟ ಕಾರು ಎರಡು ವಾರದಿಂದ ತಿರುವಿನಲ್ಲೆಲ್ಲ ಟಕಟಕ ಅನ್ನುತ್ತಿತ್ತು. ಮುಂದಿನ ಬಲಚಕ್ರದ ಹತ್ತಿರ ಆಕ್ಸಲ್‌ನ ಬೂಟು ಎನ್ನುವ ರಬ್ಬರ್ ಹೊದಿಕೆ ಹರಿದು, ಗ್ರೀಸೆಲ್ಲ ಹೊರಗೆ ಚೆಲ್ಲಿ, ಒಳಗಿನ ಜಾಯಿಂಟಿಗೆ ಮಣ್ಣು ಹೊಕ್ಕಿತ್ತು. ಮಿಂಚೊ ಹಳೆಯ ಜಾಯಿಂಟನ್ನು ಸುತ್ತಿಗೆಯಿಂದ ಹೊಡೆದು ಕಳಚಿದ. ಹೊಸದಕ್ಕೆ ಗ್ರೀಸು ತುಂಬಿದ, ಬೂಟು ತೊಡಿಸಿ ಪಟ್ಟಿ ಬಿಗಿದ. ಚಕ್ರದ ನಡುವಿನ ದೊಡ್ಡ ನಟ್ಟನ್ನು ಕೈಯಲ್ಲಿ ತಿರುಗಿಸಿ ಕೂರಿಸಿ ಜಾಕಿ ಇಳಿಸಿದ. ಆ ನಟ್ಟನ್ನು ಕೊನೆಗೆ ಬಿಗಿಯುವುದು ಮಾತ್ರ ಒಬ್ಬನಿಂದಾಗದ ಕೆಲಸ. ಗಾಡಿ ನೆಲದ ಮೇಲೆ ನಿಂತಿರಬೇಕು, ಒಳಗೆ ಒಬ್ಬರು ಕೂತು ಬ್ರೇಕು ತುಳಿದಿರಬೇಕು, ಹೊರಗೆ ಇನ್ನೊಬ್ಬ ಸ್ಪ್ಯಾನರಿಗೆ ಉದ್ದ ಪೈಪು ಸಿಕ್ಕಿಸಿ ಮೈಭಾರವನ್ನೆಲ್ಲ ಹಾಕಬೇಕು. ಆಮೇಲೆ ನಟ್ಟಿನ ಅಂಚನ್ನು ಉಳಿಯಿಂದ ಕುಟ್ಟಿ ಮಡಚಬೇಕು, ತಿರುಗಿ ಸಡಿಲವಾಗದ ಹಾಗೆ.

ರಾಂಗೆಲ್ ಮೂಲೆಯಲ್ಲಿ ಕಿವಿಗೆ ಹತ್ತಿ ತುರುಕಿಕೊಂಡು ಯಾವುದೋ ಗಾಡಿಯ ಕೊಳವೆಯನ್ನು ಗ್ರೈಂಡರಿನಲ್ಲಿ ಉಜ್ಜುತ್ತಿದ್ದ. ಕಿಡಿ ಹಾರುತ್ತಿತ್ತು, ಸದ್ದು ತಲೆ ತಿನ್ನುತ್ತಿತ್ತು. ಕಾರು ನಾಲ್ಕೂ ಚಕ್ರದ ಮೇಲೆ ಇಳಿದದ್ದು ಕಣ್ಣಿಗೆ ಬಿತ್ತು.

"ನಟ್ಟು ಬಿಗಿದ್ಯಾ?" ಎಂದು ಕೂಗಿದ.

ಮಿಂಚೊ ತಲೆಯನ್ನು ಮೇಲೆ ಕೆಳಗೆ ಆಡಿಸಿ ಹಿತ್ತಲ ಕಡೆಗೆ ಹೋದ.

ಬೇರೆಡೆಯ ಹಾಗಲ್ಲ, ನಮ್ಮ ದೇಶದಲ್ಲಿ ತಲೆ ಮೇಲೆ ಕೆಳಗೆ ಆಡಿತೆಂದರೆ ಇಲ್ಲ ಎಂದರ್ಥ. ಅಡ್ಡಡ್ಡ ಆಡಿತೆಂದರೆ ಹೌದು. ಜರ್ಮನಿಯಲ್ಲಿ ಎಲ್ಲ ತಿರುಗಾಮುರುಗಾ. ಮಿಂಚೊ ಅಲ್ಲಿನ ಅಭ್ಯಾಸವನ್ನು ಕತ್ತಿನಲ್ಲೇ ಹೊತ್ತು ತಂದಿದ್ದ. ಅವನ ತಲೆಯನ್ನು ಉಲ್ಟಾ ಓದುವುದನ್ನು ರಾಂಗೆಲ್ ಹತ್ತು ತಿಂಗಳಲ್ಲಿ ಕಷ್ಟಪಟ್ಟು ಕಲಿತಿದ್ದ. ಆದ್ದರಿಂದ ಈಗ ಅವನಿಗೆ ಸಿಕ್ಕ ಉತ್ತರ ಹೌದು, ಬಿಗಿದಿದ್ದೇನೆ. ಬ್ರೇಕು ತುಳಿಯಲು ಬೀದಿಯಲ್ಲಿ ಹೋಗುವ ಯಾರನ್ನೋ ಕರೆದಿರಬೇಕು ಅಂದುಕೊಂಡ. ಎದ್ದು ಹೋಗಿ ನೋಡಲು ಕೈ ತುರಿಸಿತು. ಬೆಳಗಿನ ಮಾತು ನೆನಪಾಗಿ ಕೂತಲ್ಲೇ ಕೂತ. ಸಮವಸ್ತ್ರದಲ್ಲಿ ಓಡೋಡಿ ಬಂದ ಸೆವ್ದಾ ಬಾಗಿಲಲ್ಲಿ ನಿಂತು ಕಣ್ಣಲ್ಲೇ ಕೇಳಿದಾಗ, ಹೋಗು ಎಂದು ಕೈ ಬೀಸಿದ. ಅವಳು ಒಂದು ಕ್ಷಣ ಅವನನ್ನೇ ನೋಡಿ, ನಕ್ಕು, ಕಾರು ಹತ್ತಿ ಹೊರಟಳು.

ಐದು ನಿಮಿಷದ ನಂತರ ಮಿಂಚೊ ಹೆಗಲ ಮೇಲೆ ಉದ್ದದ ಪೈಪು ಹೊತ್ತು ಒಳಗೆ ಬಂದ.

"ಭಾವ, ಬಾ, ಬ್ರೇಕ್ ತುಳಿ... ಕಾರೆಲ್ಲಿ?"

"ಹೋಯ್ತಲ್ಲ."

"ಹೋಯ್ತಾ! ಬಿಗಿದಿಲ್ಲ ಅಂದೆನಲ್ಲ ನಿಂಗೆ!"

"ಎಲ್ಲೋ ಅಂದೆ? ಮೇಲೆ ಕೆಳಗೆ ಆಡಿಸ್ದೆ ನೀನು!"

"ಮೇಲೆ ಕೆಳಗೆ ಅಂದ್ರೆ ಇಲ್ಲ ಅಂತ! ಭಾನುವಾರ ಊಟದಲ್ಲಿ ಎಲ್ಲಾರೂ ನನ್ನನ್ನ ಜರ್ಮನ್ ಕುರಿ ಅಂತ ಆಡ್ಕೊಂಡ್ರಲ್ಲ, ಅವತ್ತೇ ತೀರ್ಮಾನ ಮಾಡ್ದೆ, ಇನ್ಮೇಲೆ ನಮ್ಮೋರ ಥರಾನೇ ತಲೆ ಆಡಿಸ್ಬೇಕು ಅಂತ."

"ಮಾಡಿದ್ರೆ ನಂಗೊಂದು ಮಾತು ಹೇಳೋದಲ್ವೇನೋ, ಮನೆಹಾಳ!"

ರಾಂಗೆಲ್ ಗ್ರೈಂಡರು ಬಿಸಾಡಿ ಎದ್ದ. ಕೈಯಲ್ಲಿ ತಿರುಗಿಸಿದ ನಟ್ಟು. ಘಾಟಿಯ ನೆತ್ತಿಯವರೆಗೆ ಹನ್ನೊಂದು ಕಿಲೋಮೀಟರು ಏರು. ಅಲ್ಲಿವರೆಗೆ ಹೇಗೋ ತಡೆಯಬಹುದು. ನೆತ್ತಿ ದಾಟಿದರೆ ಇಳಿಜಾರು, ತಿರುವಿಗೊಂದು ಬ್ರೇಕು, ಪಕ್ಕದಲ್ಲಿ ಮುನ್ನೂರು ಅಡಿ ಪ್ರಪಾತ. ಸೆವ್ದಾಳಿಗೆ ಫೋನು ಮಾಡಿದ. ಘಾಟಿ ಹತ್ತಿದ ಮೇಲೆ ಸಿಗ್ನಲ್ ಇರುವುದಿಲ್ಲ ಎಂದು ಗೊತ್ತಿದ್ದೂ ಮತ್ತೆ ಮತ್ತೆ ಮಾಡಿದ.

ಪೈಪು, ಸ್ಪ್ಯಾನರು, ಉಳಿ, ಸುತ್ತಿಗೆ ಎಲ್ಲವನ್ನೂ ಗ್ಯಾರೇಜಿನ ವ್ಯಾನಿಗೆ ಎಸೆದರು. ಮಿಂಚೊ ಓಡಿಸಿದ. ಅವನು ಚೆನ್ನಾಗಿ ಓಡಿಸುತ್ತಾನೆ.

ಎಂಟನೇ ಕಿಲೋಮೀಟರಿನಲ್ಲಿ ಪೈನ್ ಮರಗಳ ಸಂದಿಯಲ್ಲಿ ನೀಲಿ ಕಾರು ಕಂಡಿತು. ಮಿಂಚೊ ಹಾರ್ನ್ ಒತ್ತಿ ಹಿಡಿದ. ಕಾರು ನಿಧಾನವಾಗಲಿಲ್ಲ, ಇನ್ನಷ್ಟು ಜೋರಾಯಿತು.

"ಯಾಕೆ ಓಡ್ತಿದ್ದಾಳೆ?"

"ಕನ್ನಡೀಲಿ ನನ್ನ ಮುಖ ಕಂಡಿದೆ," ಎಂದ ರಾಂಗೆಲ್. "ನಿನ್ನ ಕೆಲಸ ನೋಡೋಕೆ ಬೆನ್ನಟ್ಟಿ ಬಂದೆ ಅಂದ್ಕೊಂಡಿದ್ದಾಳೆ. ಸಿಟ್ಟು."

ತನ್ನ ಚಾಳಿಯೇ ತನ್ನ ಹೆಂಡತಿಯನ್ನು ಪ್ರಪಾತದ ಕಡೆಗೆ ಓಡಿಸುತ್ತಿದೆ ಎಂದು ಅವನಿಗೆ ಅಳು ಬಂತು. ಹತ್ತನೇ ಕಿಲೋಮೀಟರು ದಾಟಿತು. ನೀಲಿ ಕಾರಿನ ಬಲಚಕ್ರ ಈಗ ಕಣ್ಣಿಗೆ ಕಾಣುವಷ್ಟು ಓಲಾಡುತ್ತಿತ್ತು.

"ಮುಂದೆ ಹೋಗಿ ಅಡ್ಡ ಹಾಕ್ತೀನಿ," ಎಂದ ಮಿಂಚೊ.

"ಅಡ್ಡ ಹಾಕ್ಬೇಡ! ಗಾಬರಿಯಲ್ಲಿ ಬ್ರೇಕ್ ತುಳಿದ್ರೆ ಚಕ್ರ ಕಿತ್ಕೊಂಡು ಹೋಗುತ್ತೆ. ಮುಂದೆ ಹೋಗಿ ಮೆಲ್ಲಗೆ, ಮೆಲ್ಲಗೆ ವೇಗ ಇಳಿಸು. ಏರು ರಸ್ತೆ, ಕಾಲು ತೆಗೆದ್ರೆ ಸಾಕು, ಕಾರು ತಾನೇ ನಿಲ್ಲುತ್ತೆ."

ಮುಂದೆ ಕುರುಡು ತಿರುವು. ಎದುರಿನಿಂದ ದಿಮ್ಮಿ ತುಂಬಿದ ಲಾರಿ ಬಂದರೆ ಮೂವರೂ ಮುಗಿದ ಹಾಗೆ. ಮಿಂಚೊ ಬಾಯಲ್ಲಿ ಏನೋ ಗೊಣಗಿಕೊಂಡು ಎದುರು ಗಾಡಿಗಳು ಬರುವ ಎಡಬದಿಗೆ ಎಳೆದು ಮುನ್ನುಗ್ಗಿದ. ಲಾರಿ ಬರಲಿಲ್ಲ. ಕಾರಿನ ಸರಿಸಮ ಬಂದಾಗ ರಾಂಗೆಲ್ ಕಿಟಕಿಯಿಂದ ಅರ್ಧ ಮೈ ಹೊರಚಾಚಿ, ಅಂಗೈಯಿಂದ ಗಾಳಿಯನ್ನು ಕೆಳಗೆ ಒತ್ತಿ ಒತ್ತಿ ತೋರಿಸಿದ. ಸೆವ್ದಾ ಮುಖ ತಿರುಗಿಸಿಕೊಂಡಳು. ಮತ್ತೆ ನೋಡಿದಳು. ಗಂಡ ಅಳುತ್ತಿದ್ದ. ಮದುವೆಯಾಗಿ ಇಪ್ಪತ್ತಾರು ವರ್ಷದಲ್ಲಿ ಅವನು ಅತ್ತದ್ದನ್ನು ಅವಳು ಕಂಡಿರಲಿಲ್ಲ. ಅವಳು ಆಕ್ಸಲರೇಟರಿನಿಂದ ಕಾಲು ತೆಗೆದಳು.

ನೆತ್ತಿಗೆ ಇನ್ನೂರು ಗಜ ಇರುವಾಗ ಕಾರು ಉಸಿರು ಕಟ್ಟಿದಂತೆ ನಿಂತಿತು. ಮಿಂಚೊ ಓಡಿ ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟ. ರಾಂಗೆಲ್ ಮಂಡಿಯೂರಿ ಕೂತು ಎರಡು ಬೆರಳಲ್ಲಿ ನಟ್ಟು ಹಿಡಿದ. ಬಾಟಲಿಯ ಮುಚ್ಚಳದ ಹಾಗೆ ತಿರುಗಿತು. ಕಳಚಿ ಬೀಳಲು ಇನ್ನು ನಾಲ್ಕೇ ಸುತ್ತು ಬಾಕಿಯಿತ್ತು.

ಸೆವ್ದಾ ಇಳಿದು ಬಂದು ಅದನ್ನು ನೋಡಿದಳು. ರಸ್ತೆಯಂಚಿನ ಕಲ್ಲಿನ ಮೇಲೆ ಕುಸಿದಳು.

"ಯಾರು ಬಿಗೀದೆ ಬಿಟ್ಟಿದ್ದು?"

"ನಾನು ಅಕ್ಕ..." ಎಂದು ಮಿಂಚೊ ಶುರು ಮಾಡಿದ.

"ಅವನು ಬಿಗಿದಿಲ್ಲ ಅಂತಾನೇ ಹೇಳ್ದ," ಎಂದ ರಾಂಗೆಲ್. "ಅರ್ಥ ಆಗದೋನು ನಾನು. ನೋಡದೆ ಕಳಿಸಿದೋನೂ ನಾನೇ."

ಸೆವ್ದಾ ಮೆಲ್ಲಗೆ ಹೇಳಿದಳು. "ಹೊರಡೋವಾಗ ನೀನು ಎದ್ದು ಬಂದು ನೋಡ್ಲಿಲ್ಲ. ಕೊನೆಗೂ ನನ್ನ ತಮ್ಮನ್ನ ನಂಬಿದ ಅಂದ್ಕೊಂಡೆ. ನಿಮ್ಮ ಹಾರ್ನ್ ಕೇಳೋವರೆಗೂ ಖುಷೀಲಿ ಹಾಡ್ಕೊಂಡು ಬಂದೆ. ಟಕಟಕ ಇಲ್ಲ, ಎಷ್ಟು ಚೆನ್ನಾಗಿದೆ ಅಂತ."

ಘಾಟಿಯಾಚೆ ಫೇಯ್ಮೆ ಅಜ್ಜಿ ಗಡಿಯಾರ ನೋಡುತ್ತ ಕೂತಿರುತ್ತಾಳೆ ಎಂಬುದನ್ನು ಮೊದಲು ನೆನೆದವಳೂ ಸೆವ್ದಾಳೇ. ಎದ್ದು ಹೋಗಿ ಕಾರಿನೊಳಗೆ ಕೂತು ಎರಡೂ ಕಾಲಿಂದ ಬ್ರೇಕು ತುಳಿದಳು. ಮಿಂಚೊ ಪೈಪು ಸಿಕ್ಕಿಸಿ ಮೈಭಾರವನ್ನೆಲ್ಲ ಹಾಕಿ ಜೋತುಬಿದ್ದ. ನಟ್ಟು ಕಿರುಗುಟ್ಟಿ ಕಚ್ಚಿಕೊಂಡಿತು. ಉಳಿಯಿಟ್ಟು ಅಂಚು ಮಡಚಿದ. ಬೆವರು ಒರೆಸಿಕೊಂಡು ಪೈಪನ್ನು ಭಾವನ ಕಡೆಗೆ ಚಾಚಿದ.

"ಬೇಡ, ನೀನು ಬಿಗಿದಿದ್ದೀಯಲ್ಲ," ಎಂದ ರಾಂಗೆಲ್ ತಗ್ಗಿದ ದನಿಯಲ್ಲಿ.

"ನೋಡು ಭಾವ," ಎಂದ ಮಿಂಚೊ. "ನಿನ್ನ ಕಾಲಿಗೆ ಬೀಳ್ತೀನಿ. ನಾನು ಏನು ಮುಟ್ಟಿದ್ರೂ ನೋಡು."