ಚೆಂದದ ರೆಕ್ಕೆ

ನಾನು ಒಂದು ವಿಮಾನ. ನಗಬೇಡಿ. ಒಂದು ಸಲವೂ ನೆಲ ಬಿಟ್ಟವನಲ್ಲ, ಆದರೂ ವಿಮಾನವೇ. ಹುಬ್ಬಳ್ಳಿಯ ಒಂದು ಪಂಪ್ ರಿಪೇರಿ ಶೆಡ್ಡಿನಲ್ಲಿ ಗುರುಸಿದ್ದಪ್ಪ ಹೊಸಕೇರಿ ಎಂಬ ಪುಣ್ಯಾತ್ಮ ನನ್ನನ್ನು ಕಟ್ಟಿದ. ನನ್ನಲ್ಲಿ ಎರಡೇ ಸೀಟು. ಒಂದು ತನಗೆ, ಇನ್ನೊಂದು ಹೆಂಡತಿ ನೀಲವ್ವನಿಗೆ. ಅವಳನ್ನು ಕೂರಿಸಿಕೊಂಡು ಒಮ್ಮೆ ಊರ ಮೇಲೆ ಹಾರಬೇಕು, ಅದೊಂದೇ ಅವನ ಹಟ. ಅದಕ್ಕಾಗಿ ವಿಮಾನ ನಡೆಸುವುದನ್ನೂ ಕಲಿತು ಬಂದಿದ್ದ.

ನಕ್ಷೆ ತರಿಸಿ, ವರ್ಷಗಟ್ಟಲೆ ಬಡಿದ. ತಗಡು ಜೋಡಿಸಲು ಹೊಡೆದ ರಿವೆಟ್ಟುಗಳು ಒಂದು ಧಾರವಾಡದ ಕಡೆ, ಇನ್ನೊಂದು ಹಾವೇರಿಯ ಕಡೆ ಮುಖ ಮಾಡಿದ್ದವು. ಗಟ್ಟಿಯಾಗಿದ್ದವು, ಆ ಮಾತು ಬೇರೆ. ನೋಡಿದವರೆಲ್ಲ ಮೂಗು ಮುರಿದರು. "ಇದರಾಗ ಕುಂತು ಸಾಯಾಕ ನಾ ಒಲ್ಲೆ" ಎನ್ನುತ್ತಲೇ ನೀಲವ್ವ ತಗಡಿನ ಇನ್ನೊಂದು ತುದಿ ಹಿಡಿದು ನಿಲ್ಲುತ್ತಿದ್ದಳು.

ಹಾರಲು ಸರಕಾರದ ಒಪ್ಪಿಗೆ ಬೇಕು. ಪರೀಕ್ಷಿಸಲು ಅಧಿಕಾರಿ ಬರುತ್ತಾರೆಂದು ತಿಳಿದದ್ದೇ ತಡ, ಗುರುಸಿದ್ದಪ್ಪನಿಗೆ ಹೆಣ್ಣು ತೋರಿಸುವ ಮನೆಯವರ ಗಾಬರಿ ಹತ್ತಿತು. ಹುಡುಗನ ಕಡೆಯವರು ಬರುವಾಗ ನೆರೆಮನೆಯ ಸರ ತಂದಾದರೂ ಮಗಳ ಕೊರಳಿಗೆ ಹಾಕುವ ಜನ ಇವರು. ತಾನೇ ಮಾಡಿದ ಸೊಟ್ಟ ರೆಕ್ಕೆ, ಬಾಲ ಎಲ್ಲ ಕಿತ್ತು ಗುಜರಿಗೆ ಹಾಕಿದ. ಬೆಂಗಳೂರಿನಿಂದ ನುರಿತ ಕೆಲಸಗಾರರನ್ನು ಕರೆಸಿ ಹೊಸದು ಮಾಡಿಸಿದ. ನಾನೂ ಮೂರ್ಖ, ಕನ್ನಡಿಯಂಥ ರೆಕ್ಕೆ ಬಂತೆಂದು ಬೀಗಿದೆ.

ಅಧಿಕಾರಿ ಬಂದರು, ಸುತ್ತ ನೋಡಿದರು.

"ತುಂಬಾ ಚೆನ್ನಾಗಿದೆ. ರೆಕ್ಕೆ ಯಾರು ಮಾಡಿದ್ದು?"

"ಬೆಂಗಳೂರು ಮಂದೀನ್ನ ಕರೆಸಿ ಮಾಡಿಸೇನ್ರಿ, ಬಾಲಾನೂ ಅವರದ. ನನ್ನ ಕೈಲೆ ಇಷ್ಟು ಚಂದ ಆಗ್ತಿರಲಿಲ್ರಿ" ಎಂದ ಗುರುಸಿದ್ದಪ್ಪ, ಹೆಮ್ಮೆಯಿಂದ.

ಅಧಿಕಾರಿ ಸ್ಟೂಲಿನ ಮೇಲೆ ಕೂತರು. "ಯಜಮಾನ್ರೇ, ಹವ್ಯಾಸಕ್ಕೆ ಕಟ್ಟಿದ ವಿಮಾನ ಅಂತ ಒಪ್ಪಿಗೆ ಕೊಡಬೇಕಾದ್ರೆ ಅರ್ಧಕ್ಕಿಂತ ಹೆಚ್ಚು ಕೆಲಸ ನೀವೇ ಮಾಡಿರಬೇಕು. ಕೂಲಿ ಕೊಟ್ಟು ಮಾಡಿಸಿದ್ದು ಲೆಕ್ಕಕ್ಕಿಲ್ಲ. ರೆಕ್ಕೆ, ಬಾಲ ಬಿಟ್ರೆ ನಿಮ್ಮ ಪಾಲು ಅರ್ಧಕ್ಕೂ ಬರಲ್ಲ."

"ಬ್ಯಾರೆ ದಾರಿ ಇಲ್ಲೇನ್ರಿ?"

"ಪ್ರದರ್ಶನದ ವರ್ಗದಲ್ಲಿ ಒಪ್ಪಿಗೆ ಕೊಡಬಹುದು, ಅದು ಹಾರಿಸಿ ತೋರಿಸೋದಕ್ಕೆ ಮಾತ್ರ. ಸಂಶೋಧನೆಯ ವರ್ಗ ಇದೆ, ಇದರಲ್ಲಿ ಹೊಸದೇನು ಪರೀಕ್ಷೆ ಮಾಡ್ತೀರಿ? ಮನೆಯವರನ್ನ ಕೂರಿಸಿಕೊಂಡು ತಿರುಗಾಡೋದಕ್ಕೆ ಎರಡೂ ಆಗಲ್ಲ. ನೀವು ಮಾಡಿದ ರೆಕ್ಕೆ ಎಲ್ಲಿ?"

"ಸೊಟ್ಟ ಇದ್ದೂರಿ. ಗುಜರಿಗೆ ಹಾಕಿದೆ."

"ಗಟ್ಟಿ ಇದ್ದಿದ್ರೆ ಸಾಕಾಗಿತ್ತು. ಸೊಟ್ಟ ಅಂತ ನಾನು ಬೇಡ ಅಂತಿರಲಿಲ್ಲ."

ಆ ಮಾತು ಕೇಳಿ ನನ್ನ ಜೀವವೇ ಹೋಯಿತು. ಅವನು ಮಾತ್ರ ಸಾಹೇಬರಿಗೆ ಚಹಾ ತರಿಸಿದ. ಮರುವಾರವೇ ಗುಜರಿಯವನ ಹತ್ತಿರ ಹೋದ. ತಗಡು ಆಗಲೇ ಕರಗಿತ್ತು. ಮತ್ತೆ ಮೊದಲಿನಿಂದ ಬಡಿಯತೊಡಗಿದ. ಒಂದು ರೆಕ್ಕೆ ಅರ್ಧವಾಗಿತ್ತು, ಅಷ್ಟರಲ್ಲಿ ಹೃದಯ ಕೈಕೊಟ್ಟು ನನ್ನ ಪಕ್ಕದಲ್ಲೇ ಕುಸಿದ, ಮತ್ತೆ ಏಳಲಿಲ್ಲ.

ಈಗ ನಾನು ಮಾರಾಟವಾಗಿ ಒಂದು ಕಲ್ಯಾಣಮಂಟಪದ ಅಂಗಳದಲ್ಲಿದ್ದೇನೆ. ಮದುಮಕ್ಕಳು ಹತ್ತಿ ಕೂತು ಫೋಟೊ ತೆಗೆಸಿಕೊಳ್ಳುತ್ತಾರೆ. ಒಪ್ಪಿಗೆಯ ಮಾತನ್ನು ಇಲ್ಲಿ ಯಾರೂ ಎತ್ತುವುದಿಲ್ಲ.

ಕಳೆದ ತಿಂಗಳು ಯಾರದೋ ಮದುವೆಗೆ ನೀಲವ್ವ ಬಂದಿದ್ದಳು. ಸೀಟಿನ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಬಗ್ಗಿ, ನನ್ನ ಹೊಟ್ಟೆಯ ಕೆಳಗೆ ಕೈ ಆಡಿಸುತ್ತ ಹೋದಳು. ಬೆಂಗಳೂರಿನವರು ಮುಟ್ಟದೆ ಬಿಟ್ಟ ಸೊಟ್ಟ ರಿವೆಟ್ಟಿನ ಸಾಲು ಅಲ್ಲಿದೆ. ಬೆರಳು ಅಲ್ಲಿ ನಿಂತಿತು.

"ಇವು ನಮ್ಮನಿಯವರು ಹೊಡದಿದ್ದು" ಎಂದಳು, ನನಗಷ್ಟೇ ಕೇಳುವಂತೆ.

"ಯವ್ವಾ, ಮುಟ್ಟಬ್ಯಾಡ್ರಿ, ಬಣ್ಣ ಹಸೀ ಐತಿ" ಎಂದ ಕಾವಲುಗಾರ.

ನೀಲವ್ವ ಕೈ ಹಿಂದಕ್ಕೆ ತೆಗೆದುಕೊಂಡಳು.