ಕಾರ್ಬುರೇಟರು ಬಿಚ್ಚಿದ ದೊಡ್ಡಪ್ಪ

ನಮ್ಮ ದೊಡ್ಡಪ್ಪ ಯಾರ ಮಾತನ್ನೂ ಮುಖ ಕೊಟ್ಟು ಕೇಳಿದವರಲ್ಲ. ಎದುರಿಗಿದ್ದವರು ಬಾಯಿ ತೆರೆದೊಡನೆ ಕಣ್ಣು ಮುಚ್ಚಿ, ಕತ್ತನ್ನು ತುಸು ಓರೆಮಾಡಿ, ಎಡಗಿವಿಯನ್ನು ಅವರತ್ತ ಒಡ್ಡುತ್ತಿದ್ದರು. ಎಂಜಿನ್ನಿನಲ್ಲಿರುವಂತೆ ಮನುಷ್ಯನ ಮಾತಿನಲ್ಲೂ ಎಲ್ಲೋ ಒಂದು ಅಪಸ್ವರ ಇದ್ದೇ ತೀರಬೇಕು, ಅದನ್ನು ಹಿಡಿಯುವುದಷ್ಟೇ ತಮ್ಮ ಕೆಲಸ ಎಂಬ ಭಾವ. ಹಿಡಿದ ಮೇಲೆ "ಅದಲ್ಲ ವಿಷಯ" ಎಂದು ಆರಂಭಿಸುವರು. ದೊಡ್ಡಮ್ಮ ಊಟಕ್ಕೆ ಕರೆದರೂ ಅದೇ ಉತ್ತರ. ಬೇಸಿಗೆಯಲ್ಲೂ ಕತ್ತಿನವರೆಗೆ ಗುಂಡಿ ಹಾಕಿದ ಕಂದು ಕೋಟು ತೊಟ್ಟು ತಮ್ಮ ಮನೆಯ ಶೆಡ್ಡಿನಲ್ಲಿ ನಿಲ್ಲುತ್ತಿದ್ದರು. ಅದರ ಮೇಲೆ ಒಂದು ಹನಿ ಎಣ್ಣೆ ಬಿದ್ದದ್ದನ್ನು ಕಂಡವರಿಲ್ಲ. ಮೈ ಕೊಳೆಯಾಗುವ ಕೆಲಸವೆಲ್ಲ ಅವರ ತಮ್ಮನ, ಅಂದರೆ ನನ್ನ ಅಪ್ಪನ ಪಾಲಿನದು.

ಆ ಶೆಡ್ಡಿನಲ್ಲಿದ್ದದ್ದು ತಾತ ಬಿಟ್ಟುಹೋದ ಹಳೆಯ ಕಾರು. ಉಳಿದೆಲ್ಲ ವಿಷಯದಲ್ಲಿ ಎಣ್ಣೆ-ಸೀಗೆಕಾಯಿಯಂತಿದ್ದ ಅಣ್ಣತಮ್ಮಂದಿರು ಅದರ ಬಾನೆಟ್ಟಿನ ಕೆಳಗೆ ಮಾತ್ರ ತಲೆಗೆ ತಲೆ ತಾಗಿಸಿ ನಿಲ್ಲುತ್ತಿದ್ದರು. ಒಂದು ಬೇಸಿಗೆ ಅದನ್ನು ಮತ್ತೆ ಓಡಿಸಲು ಹೊರಟರು. ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಉಣಿಸುವ ಎರಡು ಕಾರ್ಬುರೇಟರುಗಳನ್ನು ಬಿಚ್ಚಿ, ತೊಳೆದು, ಮರುಜೋಡಿಸುವ ನಾಜೂಕಿನ ಕೆಲಸ ದೊಡ್ಡಪ್ಪನದು. ಕಿಡಿ ಹಾರಿಸುವ ಭಾಗವೂ ಆ ಕಿಡಿ ಸರಿಯಾದ ಗಳಿಗೆಗೆ ಹಾರುವಂತೆ ಹೊಂದಿಸುವ ಟೈಮಿಂಗೂ ಅಪ್ಪನದು. ಎಂಜಿನ್ ಸ್ಟಾರ್ಟ್ ಆಯಿತೇನೋ ನಿಜ. ಆದರೆ ನಿಂತಲ್ಲೇ ಏದುಸಿರು ಬಿಡುತ್ತ, ಆಕ್ಸಿಲರೇಟರ್ ಒತ್ತಿದರೆ ಕೆಮ್ಮಿ, ಪಟಾರನೆ ಸಿಡಿದು ಆರಿಹೋಗುತ್ತಿತ್ತು.

ದೊಡ್ಡಪ್ಪ ಕಣ್ಣು ಮುಚ್ಚಿ ಕೇಳಿದರು. "ಟೈಮಿಂಗ್ ತಪ್ಪಿದೆ."

"ಅಣ್ಣ, ನಾನು ಎರಡೆರಡು ಸಲ ನೋಡಿದೀನಿ. ಕಾರ್ಬುರೇಟರ್ ಬುಡದಲ್ಲಿ ಎಲ್ಲಾದ್ರೂ ಗಾಳಿ ಎಳೀತಿದೆಯಾ ಅಂತ ಒಮ್ಮೆ..."

"ಅದಲ್ಲ ವಿಷಯ. ನಾನು ಕೈಯಿಟ್ಟ ಕಡೆ ಗಾಳಿ ಎಳೆಯಲ್ಲ."

ಅಪ್ಪ ಪ್ಲಗ್ಗು ಬದಲಿಸಿದರು, ವೈರು ಬದಲಿಸಿದರು, ಪೆಟ್ರೋಲ್ ಟ್ಯಾಂಕನ್ನೇ ಇಳಿಸಿ ತೊಳೆದರು. ಮತ್ತದೇ ಕೆಮ್ಮು. ಬಂದ ನೆಂಟರೆದುರು ದೊಡ್ಡಪ್ಪ, "ಇವನಿಗೆ ಚಿಕ್ಕಂದಿನಿಂದ ಎಲ್ಲದರಲ್ಲೂ ಅವಸರ" ಎಂದು ನಗುತ್ತಿದ್ದರು. ಕಡೆಗೆ ಅಪ್ಪನಿಗೂ ತಪ್ಪು ತನ್ನದೇ ಇರಬೇಕೆನ್ನಿಸತೊಡಗಿತು. ಟೈಮಿಂಗನ್ನು ಇನ್ನೊಮ್ಮೆ ಹೊಂದಿಸಿ, ಅಲುಗಿದರೆ ಗೊತ್ತಾಗಲೆಂದು ಅಲ್ಲೊಂದು ಬಿಳಿ ಬಣ್ಣದ ಗೆರೆ ಎಳೆದಿಟ್ಟರು.

ಅಪ್ಪ ಹೊರಗೆ ಹೋಗಿದ್ದ ಒಂದು ಮಧ್ಯಾಹ್ನ ನಾನೂ ದೊಡ್ಡಮ್ಮನೂ ಶೆಡ್ಡಿನ ಬಾಗಿಲಿಗೆ ಬಂದಾಗ, ದೊಡ್ಡಪ್ಪ ಕಾರ್ಬುರೇಟರಿನ ಬುಡದಲ್ಲಿ ಗಾಳಿ ನುಸುಳದಂತೆ ಇಡುವ ಪ್ಯಾಕಿಂಗನ್ನು ಕಳಚಿ ಬೆಳಕಿಗೆ ಹಿಡಿದಿದ್ದರು. ಅವರೇ ಕತ್ತರಿಸಿ ಹಾಕಿದ್ದ ಆ ಹಾಳೆ ಅಂಚಿನಲ್ಲಿ ಹರಿದಿತ್ತು. ಅದನ್ನು ಜೇಬಿಗೆ ಹಾಕಿಕೊಂಡು, ಹೊಸದನ್ನಿಟ್ಟು ಬಿಗಿದು, ಕೀ ತಿರುಗಿಸಿದರು. ಎಂಜಿನ್ ನೀರು ಹರಿದಂತೆ ಓಡಿತು.

ಆ ಸದ್ದಿಗೆ ಅಪ್ಪ ಬೀದಿಯಿಂದ ಓಡಿಬಂದರು. "ಏನಾಗಿತ್ತಣ್ಣ?"

"ನಿನ್ನ ಟೈಮಿಂಗೇ. ಒಂಚೂರು ತಿರುಗಿಸಿದೆ."

ಅಪ್ಪ ಬಗ್ಗಿ ನೋಡಿದರು. ಬಿಳಿಗೆರೆ ಕೂದಲೆಳೆಯಷ್ಟೂ ಕದಲಿರಲಿಲ್ಲ. ದೊಡ್ಡಮ್ಮನ ಕಡೆ ತಿರುಗಿದರು. ಆಕೆ ತಲೆ ತಗ್ಗಿಸಿದರು. ಅಪ್ಪ ತಮ್ಮ ಸ್ಪ್ಯಾನರುಗಳನ್ನು ಒಂದೊಂದಾಗಿ ಒರೆಸಿ ಚೀಲಕ್ಕೆ ತುಂಬಿಕೊಂಡು, "ಸರಿಯಾಯ್ತಲ್ಲ, ಒಳ್ಳೇದು" ಎಂದು ಹೊರಟರು. ಮತ್ತೆಂದೂ ಅಣ್ಣನ ಹೊಸಿಲು ತುಳಿಯಲಿಲ್ಲ. ಅಪ್ಪ ತೀರಿಕೊಂಡ ದಿನ ದೊಡ್ಡಪ್ಪ ಅದೇ ಕಾರಿನಲ್ಲಿ ಬಂದಿಳಿದು, ನೆರೆದವರಿಗೆ, "ಕೆಲಸ ಬರ್ತಿತ್ತು ಪಾಪ, ತಾಳ್ಮೆ ಸಾಲದು" ಎಂದರು. ಕಣ್ಣಲ್ಲಿ ನೀರಿತ್ತು. ಆ ನೀರು ನಿಜವೆಂಬುದೇ ನನಗೆ ಇಂದಿಗೂ ಸಹಿಸಲಾಗದ ಸಂಗತಿ.

ಇಂಥವರನ್ನು ಸುಳ್ಳುಗಾರರೆನ್ನಲು ಮನಸ್ಸು ಬಾರದು. ಸುಳ್ಳುಗಾರನಿಗೆ ಸತ್ಯದ ಅಂಜಿಕೆಯಾದರೂ ಇರುತ್ತದೆ. ಇವರು ತಮ್ಮ ದೋಷವನ್ನು ತಾವೇ ಪತ್ತೆಹಚ್ಚಿ, ತಾವೇ ತಿದ್ದಿ, ಅದರ ಹೊರೆಯನ್ನು ಮಾತ್ರ ತಮ್ಮನ್ನು ನಂಬಿದವರ ತಲೆಗೆ ಕಟ್ಟುತ್ತಾರೆ. ಕ್ರಮೇಣ ಅದನ್ನೇ ನಂಬಿ ನಿಶ್ಚಿಂತೆಯಿಂದ ನಿದ್ರಿಸುತ್ತಾರೆ. ಊರು ಅವರ ನೈಪುಣ್ಯವನ್ನು ಹೊಗಳುತ್ತದೆ. ಅದಕ್ಕೆ ಬೆಲೆ ತೆರುವವರು ಮನೆಯವರು.