ಬೆನಕಪ್ಪನ ಎಡಗೆನ್ನೆ

ಶಿಕಾರಿಪುರದ ಬೆನಕಪ್ಪ ಕುಪ್ಪಗಡ್ಡೆಗೆ ಹೆಣ್ಣು ನೋಡಲು ಬಂದ ದಿನ ಅವನ ಎಡಗೆನ್ನೆ ಉಬ್ಬಿತ್ತು. ಬುದ್ಧಿಹಲ್ಲು ಹುಟ್ಟುವ ಜಾಗದಲ್ಲಿ ವಸಡು ಊದಿ, ಬಾಯಿ ತೆರೆಯುವುದೇ ಕಷ್ಟವಾಗಿತ್ತು. ಉಪ್ಪಿಟ್ಟಿನ ತಟ್ಟೆಯನ್ನು ಹಾಗೇ ಪಕ್ಕಕ್ಕೆ ಸರಿಸಿದ.

ಇವರು ಬೆಳಿಗ್ಗೆ ಹೊಸಬಾಳೆಯಲ್ಲೂ ಒಂದು ಹೆಣ್ಣು ನೋಡಿ ಬಂದದ್ದು ತಿಳಿದಿದ್ದ ಹೆಣ್ಣಿನ ತಂದೆ ಚನ್ನವೀರಪ್ಪನಿಗೆ ಆ ಉಬ್ಬಿದ ಕೆನ್ನೆ ಕಂಡು ಸಿಟ್ಟು ಬಂತು. "ಹೊಸಬಾಳೆ ಹೆಣ್ಣು ಒಪ್ಪಿ, ಅವರ ಮನೆ ವೀಳ್ಯ ಬಾಯಲ್ಲಿ ಇಟ್ಕಂಡೇ ನಮ್ಮನೆಗೆ ಬಂದೀರೇನ್ರೀ?"

"ವಸಡು ಊದೈತ್ರೀ," ಎಂದ ಹುಡುಗನ ಸೋದರಮಾವ ವೀರಬಸಪ್ಪ. ಅವನ ಬಾಯಿಯೇ ಎಲೆಯಡಿಕೆಯಿಂದ ಕೆಂಪಗಿತ್ತು, ಯಾರೂ ನಂಬಲಿಲ್ಲ. ಬೆನಕಪ್ಪ ನರಳುತ್ತ "ಊಂ, ಊಂ" ಎಂದದ್ದು ತಪ್ಪೊಪ್ಪಿಗೆಯಂತೆಯೇ ಕೇಳಿಸಿತು.

ಒಳಗಿನಿಂದ ಹುಡುಗಿಯ ಅಜ್ಜಿ ಬಸವಣ್ಣೆಮ್ಮ ಎದ್ದು ಬಂದರು. ಸಂತೆಯಲ್ಲಿ ಹೋರಿಯ ಹಲ್ಲು ನೋಡುವವರಂತೆ ಅವನ ಗದ್ದ ಹಿಡಿದು, ಬಾಯಿಯನ್ನು ಬೆರಳಿನಿಂದ ಅಗಲಿಸಿ ಇಣುಕಿದರು. ಬೆನಕಪ್ಪನ ಕಣ್ಣಲ್ಲಿ ನೀರು ಬಂತು.

"ಎಲೆನೂ ಇಲ್ಲ, ಅಡಿಕೆನೂ ಇಲ್ಲ. ಬುದ್ಧಿಹಲ್ಲು ಬರ್ತಾ ಐತೆ, ಅರ್ಧ ಇನ್ನೂ ಒಳಗೇ ಐತೆ," ಎಂದು ಸೆರಗಿಗೆ ಬೆರಳು ಒರೆಸಿಕೊಂಡರು. ಆಮೇಲೆ ಮಗ ಚನ್ನವೀರಪ್ಪನ ಕಡೆ ತಿರುಗಿದರು.

"ತಡ ಮಾಡಬ್ಯಾಡ. ಪೂರ್ತಿ ಬುದ್ಧಿ ಬರೋದ್ರೊಳಗೆ ವೀಳ್ಯ ಕೊಟ್ಬಿಡು."